ನೀರು ಸುರಿದಾಗ ಮರಳುವ ಬಣ್ಣ: ಹಳೆಯ ಕಾರಿನ ಹೊಳಪಿನ ಒಳಗುಟ್ಟು

ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಹಳೆಯ ಕಾರೊಂದು ನಿಮ್ಮ ಪಾಲಿಗೆ ಬಂದಿದೆ ಎಂದುಕೊಳ್ಳಿ. ಅಜ್ಜನದಿರಬಹುದು, ಆಸೆಪಟ್ಟು ಕೊಂಡದ್ದಿರಬಹುದು. ಹಳೆಯ ಫೋಟೋದಲ್ಲಿ ಕಡುಗೆಂಪಾಗಿ ಮಿಂಚುತ್ತಿರುವ ಅದು ಈಗ ಬಿಸಿಲಿಗೆ ಕಾದು ಬಣ್ಣಗೆಟ್ಟ ಹೆಂಚಿನಂತಾಗಿದೆ. ಬಾನೆಟ್ ಮೇಲೆ ಕೈಯಾಡಿಸಿದರೆ ಸುಣ್ಣ ಬಳಿದ ಗೋಡೆಗೆ ಒರಗಿ ಎದ್ದಂತೆ ಅಂಗೈಗೆಲ್ಲ ಪುಡಿ. ನೋಡಿದವರು ಕೊಡುವ ಸಲಹೆ ಒಂದೇ: ಎಲ್ಲವನ್ನೂ ಕೆರೆದು ಹೊಸ ಪೇಂಟ್ ಹೊಡೆಸಿಬಿಡಿ.

ಅದಕ್ಕೆ ಮೊದಲು ಒಂದು ಚೊಂಬು ನೀರು ತಂದು ಬಾನೆಟ್ ಮೇಲೆ ಸುರಿಯಿರಿ. ನೀರು ಹರಿದಲ್ಲೆಲ್ಲ ಫೋಟೋದ ಆ ಕೆಂಪು ಎದ್ದುಬರುತ್ತದೆ. ಒಣಗುತ್ತಿದ್ದಂತೆ ಮತ್ತೆ ಮಾಯವಾಗುತ್ತದೆ. ನೀರಿಗೆ ಬಣ್ಣ ಕೊಡುವ ಶಕ್ತಿಯಿಲ್ಲ. ಬಣ್ಣ ಅಲ್ಲೇ ಇತ್ತು, ಮೇಲಿನ ತೆಳುಪದರವೊಂದು ಕೆಟ್ಟು ಅದನ್ನು ಮರೆಮಾಡಿತ್ತು, ಅಷ್ಟೇ. ಮಾಸಿದ ಕಾರಿಗೆ ಹೊಳಪು ತರುವ ಕೆಲಸವನ್ನು ಅರ್ಥಮಾಡಿಕೊಳ್ಳಲು ಈ ಒಂದು ಚೊಂಬು ನೀರು ಸಾಕು. ಹೊಳಪು ಎಂಬುದು ಹೊರಗಿನಿಂದ ತಂದು ಬಳಿಯುವ ವಸ್ತುವಲ್ಲ. ಕೆಟ್ಟದ್ದನ್ನು ತೆಗೆದಾಗ ಕೆಳಗಿನಿಂದ ಕಾಣಿಸಿಕೊಳ್ಳುವಂಥದ್ದು. ಎಷ್ಟು ತೆಗೆಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲೇ ಕಷ್ಟವೆಲ್ಲ ಇರುವುದು.

## ಕೊಳದ ನೀರು ಮತ್ತು ಒಡೆದ ಗಾಜು

ಗಾಳಿಯಿಲ್ಲದ ಹೊತ್ತಿನಲ್ಲಿ ಕೊಳವನ್ನು ನೋಡಿ. ದಡದ ಮರ ತಲೆಕೆಳಗಾಗಿ ಎಲೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಸಣ್ಣ ಅಲೆ ಎದ್ದರೆ ಸಾಕು, ಮರ ಚೂರುಚೂರಾಗುತ್ತದೆ. ನೀರು ಬದಲಾಗಲಿಲ್ಲ, ಬದಲಾದದ್ದು ಮೇಲ್ಮೈ. ನುಣುಪಾದ ಮೇಲ್ಮೈಗೆ ಬಿದ್ದ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಅದನ್ನು ನಾವು ಹೊಳಪು ಎನ್ನುತ್ತೇವೆ. ಒರಟು ಮೇಲ್ಮೈಗೆ ಬಿದ್ದದ್ದು ಹತ್ತು ದಿಕ್ಕಿಗೆ ಚೆದುರುತ್ತದೆ, ಅದನ್ನು ಮಂಕು ಎನ್ನುತ್ತೇವೆ.

ಹೊಳಪು ಹೋದಾಗ ಬಣ್ಣವೂ ತಿಳಿಯಾಗುವುದು ಏಕೆ? ಗಾಜಿನ ತುಂಡು ಪಾರದರ್ಶಕ, ಅದನ್ನೇ ಕುಟ್ಟಿ ಪುಡಿಮಾಡಿದರೆ ಬಿಳಿ. ಪ್ರತಿ ಕಣದ ಅಂಚಿನಲ್ಲೂ ಬೆಳಕು ಚೆದುರಿ, ಎಲ್ಲ ಬಣ್ಣಗಳೂ ಬೆರೆತು ಕಣ್ಣಿಗೆ ಬೆಳ್ಳಗೆ ಕಾಣುತ್ತದೆ. ಮಾಸಿದ ಪೇಂಟಿನ ಮೇಲ್ಮೈಯೂ ಇಂಥದೇ ಪುಡಿಗಾಜು. ಕೆಂಪಿನ ಮೇಲೆ ತೆಳುವಾದ ಬಿಳಿ ಮಬ್ಬು ಹರಡಿದಾಗ ಕಾಣುವುದು ಗುಲಾಬಿ, ಕಪ್ಪಿನ ಮೇಲೆ ಹರಡಿದಾಗ ಬೂದಿ.

ಹೊಳೆಯೊಳಗೆ ಬಣ್ಣಬಣ್ಣವಾಗಿ ಕಂಡ ಬೆಣಚುಕಲ್ಲನ್ನು ಮನೆಗೆ ತಂದಾಗ ಅದು ಪೆಚ್ಚಾಗಿ ಕಾಣುವುದಕ್ಕೂ ಇದೇ ಕಾರಣ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಾಗುತ್ತದೆ ಎಂಬುದಕ್ಕೆ ವಕ್ರೀಭವನ ಸೂಚ್ಯಂಕ ಎಂಬ ಅಳತೆಯಿದೆ. ಗಾಳಿಗೆ ಅದು ಸುಮಾರು 1, ನೀರಿಗೆ 1.33, ಪೇಂಟಿನ ಅಂಟಿಗೆ ಸುಮಾರು 1.5. ಎರಡು ವಸ್ತುಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಅವು ಕೂಡುವಲ್ಲಿ ಬೆಳಕು ಹೆಚ್ಚು ಚೆದುರುತ್ತದೆ. ನೀರು ಪೇಂಟಿನ ಉಬ್ಬುತಗ್ಗುಗಳಲ್ಲಿ ತುಂಬಿಕೊಂಡಾಗ ಅಂತರ ಕಡಿಮೆಯಾಗುತ್ತದೆ, ಬೆಳಕು ಕೆಳಗಿನ ಬಣ್ಣದವರೆಗೆ ಇಳಿದು ಮರಳುತ್ತದೆ. ಈ ಮಾತು ನೆನಪಿರಲಿ, ಮುಂದೆ ಎಣ್ಣೆಯ ವಿಷಯ ಬಂದಾಗ ಬೇಕಾಗುತ್ತದೆ.

## ಬಿಸಿಲು ಮಾಡುವ ಕೆಲಸ

ಪೇಂಟ್ ಎಂಬುದು ಮುಖ್ಯವಾಗಿ ಮೂರು ವಸ್ತುಗಳ ಮಿಶ್ರಣ. ಬಣ್ಣ ಕೊಡುವ ನುಣ್ಣನೆಯ ಪುಡಿ ವರ್ಣದ್ರವ್ಯ. ಆ ಪುಡಿಯನ್ನು ಹಿಡಿದಿಟ್ಟು ಲೋಹಕ್ಕೆ ಅಂಟಿಸುವ, ಒಣಗಿದಾಗ ನುಣುಪಾದ ಪದರವಾಗುವ ಅಂಟು ರಾಳ. ಇವೆರಡನ್ನೂ ತೆಳುವಾಗಿ ಹರಡಲು ಬೆರೆಸಿದ, ಆಮೇಲೆ ಆವಿಯಾಗಿ ಹೋಗುವ ದ್ರಾವಕ ತಿನ್ನರ್. ಕಾರಿನ ಮೇಲೆ ಕೊನೆಗೆ ಉಳಿಯುವುದು ಮೊದಲಿನ ಎರಡೇ.

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ರಾಳದ ಅಣುಸರಪಳಿಗಳನ್ನು ಕತ್ತರಿಸುತ್ತವೆ. ತುಂಡಾದ ತುದಿಗಳಿಗೆ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ. ಆಕ್ಸಿಡೀಕರಣ ಎನ್ನುವುದು ಇದನ್ನೇ. ಕಬ್ಬಿಣಕ್ಕೆ ತುಕ್ಕು ಹೇಗೋ ರಾಳಕ್ಕೆ ಇದು ಹಾಗೆ. ರಾಳ ಸವೆದಂತೆ ವರ್ಣದ್ರವ್ಯದ ಕಣಗಳಿಗೆ ಹಿಡಿತ ತಪ್ಪುತ್ತದೆ, ಅವು ಸಡಿಲ ಪುಡಿಯಾಗಿ ಮೇಲೆ ನಿಲ್ಲುತ್ತವೆ. ಅಂಗೈಗೆ ಅಂಟಿದ್ದು ಅದೇ ಪುಡಿ. ರಾತ್ರಿಯ ಇಬ್ಬನಿ, ಮಳೆಯ ನೀರು, ಹಗಲಿನ ಕಾವು ಇವೆಲ್ಲ ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಸೂರ್ಯನಿಗೆ ಮುಖವೊಡ್ಡಿ ಮಲಗಿರುವ, ನೀರು ನಿಲ್ಲುವ ಭಾಗಗಳು ಬಾನೆಟ್, ಛಾವಣಿ ಮತ್ತು ಡಿಕ್ಕಿಯ ಮುಚ್ಚಳ. ಮೊದಲು ಕೆಡುವುದೂ ಅವೇ. ಬಾಗಿಲುಗಳು ಎಷ್ಟೋ ಚೆನ್ನಾಗಿ ಉಳಿದಿರುತ್ತವೆ.

ಎಲ್ಲ ಬಣ್ಣಗಳೂ ಒಂದೇ ವೇಗದಲ್ಲಿ ಮಾಸುವುದಿಲ್ಲ. ಹಳೆಯ ಕೆಂಪು ಕಾರುಗಳು ಬೇಗ ಗುಲಾಬಿಯಾಗಲು ಬಣ್ಣದ ಪುಡಿಯದೇ ದೌರ್ಬಲ್ಯ ಕಾರಣ. ಕೆಂಪು ವಸ್ತು ಕೆಂಪಾಗಿ ಕಾಣುವುದು ಅದು ನೀಲಿ, ಹಸಿರು ಬೆಳಕನ್ನು ನುಂಗಿಕೊಳ್ಳುವುದರಿಂದ. ಆ ಬೆಳಕಿನಲ್ಲಿ ಶಕ್ತಿ ಹೆಚ್ಚು. ಅಂದಿನ ಅನೇಕ ಕೆಂಪು ಸಾವಯವ ವರ್ಣದ್ರವ್ಯಗಳು ಅದನ್ನೂ ಜೊತೆಗೆ ಬರುವ ನೇರಳಾತೀತವನ್ನೂ ತಡೆದುಕೊಳ್ಳಲಾರದೆ ಒಡೆಯುತ್ತಿದ್ದವು. 1958ರಲ್ಲಿ ಡ್ಯೂಪಾಂಟ್ ಕಂಪನಿ ಮಾರುಕಟ್ಟೆಗೆ ತಂದ ಕ್ವಿನಾಕ್ರಿಡೋನ್ ಜಾತಿಯ ವರ್ಣದ್ರವ್ಯಗಳು ಬಿಸಿಲಿಗೆ ಬಹಳ ಗಟ್ಟಿ. ಇಂದಿನ ಕೆಂಪು ಹೆಚ್ಚು ಬಾಳಲು ಇಂಥ ಪುಡಿಗಳೂ ಒಂದು ಕಾರಣ. ಬಿಳಿಯ ಕಥೆ ಬೇರೆ. ಬಿಳಿ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್ ತಾನು ಮಾಸುವುದಿಲ್ಲ, ಆದರೆ ಬೆಳಕು ಬಿದ್ದಾಗ ತನ್ನ ಸುತ್ತಲಿನ ರಾಳವನ್ನೇ ತಿನ್ನಬಲ್ಲದು. ಹಾಗಾಗಿ ಹಳೆಯ ಬಿಳಿ ಕಾರುಗಳು ಮಾಸಿದಂತೆ ಕಾಣದಿದ್ದರೂ ಮುಟ್ಟಿದರೆ ಪುಡಿ ಬಿಡುತ್ತವೆ.

## ಒಂದು ಪದರವೋ, ಎರಡೋ

ಉಜ್ಜಲು ಕೂರುವ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆ ಇದು, ಏಕೆಂದರೆ ಮುಂದಿನ ಪ್ರತಿ ಹೆಜ್ಜೆಯೂ ಇದರ ಮೇಲೆ ನಿಂತಿದೆ.

ಕಾರುಗಳ ಮೊದಲ ದಿನಗಳಲ್ಲಿ ಕುದುರೆಗಾಡಿಗೆ ಬಳಿಯುತ್ತಿದ್ದ ವಾರ್ನಿಷನ್ನೇ ಕಾರಿಗೂ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಿ ಮುಗಿಯಲು ವಾರಗಳೇ ಬೇಕಾಗುತ್ತಿದ್ದವು. 1920ರ ದಶಕದಲ್ಲಿ ಡ್ಯೂಪಾಂಟ್ ಮತ್ತು ಜನರಲ್ ಮೋಟರ್ಸ್ ಸೇರಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರನ್ನು, ಅಂದರೆ ದ್ರಾವಕ ಆವಿಯಾದೊಡನೆ ಒಣಗುವ ಪೇಂಟನ್ನು, ತಂದವು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರು ಅದರ ನೀಲಿ ಬಣ್ಣ ತೊಟ್ಟು ಹೊರಬಂತು, ಒಣಗುವ ಕಾಲ ವಾರಗಳಿಂದ ಗಂಟೆಗಳಿಗೆ ಇಳಿಯಿತು. ಮುಂದೆ ಎನಾಮಲ್‌ ಎಂಬ ಗಟ್ಟಿಯಾಗಿ ಒಣಗುವ ಪೇಂಟುಗಳು ಬಂದವು, 1950ರ ದಶಕದಲ್ಲಿ ಅಕ್ರಿಲಿಕ್ ಲ್ಯಾಕರ್ ಬಂತು. ಹೆಸರು ಬೇರೆಯಾದರೂ ಇವುಗಳಲ್ಲಿ ಒಂದು ಸಮಾನ ಗುಣವಿತ್ತು: ಬಣ್ಣ ಮತ್ತು ಹೊಳಪು ಎರಡೂ ಒಂದೇ ಪದರದಲ್ಲಿ. ಎಷ್ಟು ಬಾರಿ ಬಳಿದಿದ್ದರೂ ಮೇಲಿನಿಂದ ಪ್ರೈಮರ್ ಎಂಬ ಅಡಿಪದರದವರೆಗೆ ಅದೇ ವಸ್ತು. ಇದಕ್ಕೆ ಸಿಂಗಲ್ ಸ್ಟೇಜ್ ಪೇಂಟ್ ಎನ್ನುತ್ತಾರೆ.

1980ರ ದಶಕದಲ್ಲಿ ಎರಡು ಪದರದ ಪದ್ಧತಿ ಎಲ್ಲೆಡೆ ಹರಡಿತು. ಕೆಳಗೆ ಬಣ್ಣ ಮಾತ್ರವಿರುವ ತೆಳುವಾದ ಪದರ, ಅದರ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಫೋಟೋಗೆ ಗಾಜಿನ ಕಟ್ಟು ಹಾಕಿದಂತೆ. ಹೊಳಪೂ ನೇರಳಾತೀತದ ತಡೆಯೂ ಈ ಗಾಜಿನದೇ ಕೆಲಸ.

ಪರೀಕ್ಷೆ ಸುಲಭ. ಕಾಣದ ಮೂಲೆಯೊಂದರಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಉಜ್ಜಿ ನೋಡಿ. ಕಾರಿನ ಬಣ್ಣ ಬಟ್ಟೆಗೆ ಹತ್ತಿದರೆ ಒಂದೇ ಪದರ. ಬಟ್ಟೆ ಬಿಳಿಯಾಗಿಯೇ ಉಳಿದರೆ ಮೇಲೆ ಕ್ಲಿಯರ್ ಕೋಟ್ ಇದೆ. ಕಾರೇ ಬಿಳಿಯಾಗಿದ್ದರೆ ಕಪ್ಪು ಬಟ್ಟೆ ತೆಗೆದುಕೊಳ್ಳಬೇಕು ಎಂಬುದನ್ನು ಹೇಳಬೇಕಾಗಿಲ್ಲ, ಆದರೂ ಮರೆಯುವವರಿದ್ದಾರೆ. ತಯಾರಾದ ವರ್ಷ ನೋಡಿ ತೀರ್ಮಾನಿಸುವುದು ಅಪಾಯ, ಏಕೆಂದರೆ ಹಳೆಯ ಕಾರಿಗೆ ನಡುವೆ ಯಾರೋ ಹೊಸ ಪದ್ಧತಿಯಲ್ಲಿ ಪೇಂಟ್ ಹೊಡೆಸಿರಬಹುದು.

ಲ್ಯಾಕರೋ ಎನಾಮಲ್ಲೋ ಎಂದು ತಿಳಿಯಲು ಬಾಗಿಲ ಸಂದಿಯಂಥ ಕಡೆ ಲ್ಯಾಕರ್ ತಿನ್ನರ್‌ನ ಒಂದು ಹನಿ ಮುಟ್ಟಿಸುತ್ತಾರೆ. ಲ್ಯಾಕರ್ ತಟ್ಟನೆ ಕರಗಿ ಬಟ್ಟೆಗೆ ಬರುತ್ತದೆ. ಚೆನ್ನಾಗಿ ಗಟ್ಟಿಯಾದ ಎನಾಮಲ್ ಹಾಗೆ ಕರಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬಲವಾದ ದ್ರಾವಕದಿಂದ ಲ್ಯಾಕರ್ ಮೇಲಿನ ಜಿಡ್ಡು ಒರೆಸಲು ಹೋದರೆ ಜಿಡ್ಡಿನ ಜೊತೆ ಬಣ್ಣವೂ ಎದ್ದುಬರುತ್ತದೆ.

## ಕೂದಲೆಳೆಯಷ್ಟೇ ಬಂಡವಾಳ

ಪೇಂಟಿನ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಅಳೆಯುತ್ತಾರೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕಾರ್ಖಾನೆಯಲ್ಲಿ ಬಳಿದ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ತಲೆಗೂದಲಿನ ದಪ್ಪ 50ರಿಂದ 100 ಮೈಕ್ರಾನ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಕ್ಲಿಯರ್ ಕೋಟ್ ಒಂದೇ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು 40 ಮೈಕ್ರಾನ್.

ಒರಟು ಕಣಗಳಿರುವ ಕಾಂಪೌಂಡ್ ಎಂಬ ಉಜ್ಜುವ ಲೇಪ ಹಚ್ಚಿ ಯಂತ್ರದಿಂದ ಒಮ್ಮೆ ಉಜ್ಜಿದರೆ ಒಂದೆರಡು ಮೈಕ್ರಾನ್ ಹೋಗುತ್ತದೆ, ನೀರು ಹಾಕಿ ವಾಟರ್ ಪೇಪರ್‌ನಿಂದ ಉಜ್ಜಿದರೆ ಅದಕ್ಕಿಂತ ಹೆಚ್ಚು. ಇದು ಬಡ್ಡಿಯಲ್ಲಿ ನಡೆಯುವ ಸಂಸಾರವಲ್ಲ, ಅಸಲನ್ನೇ ಮುರಿದು ಖರ್ಚು ಮಾಡುವುದು. ಪ್ರತಿ ಹೊಳಪಿಗೂ ಸ್ವಲ್ಪ ಅಸಲು ಕರಗುತ್ತದೆ, ಮತ್ತೆ ತುಂಬುವುದಿಲ್ಲ. ಐವತ್ತು ವರ್ಷದ ಕಾರಿನ ವಿಷಯದಲ್ಲಂತೂ ಹಿಂದಿನ ಮಾಲೀಕರು ಎಷ್ಟು ಖರ್ಚು ಮಾಡಿ ಹೋಗಿದ್ದಾರೆಂಬುದರ ಲೆಕ್ಕಪುಸ್ತಕವೂ ಇರುವುದಿಲ್ಲ.

ಆ ಲೆಕ್ಕ ಹಿಡಿಯಲು ದಪ್ಪ ಅಳೆಯುವ ಪುಟ್ಟ ಮೀಟರ್ ಇದೆ. ಉಕ್ಕಿನ ಮೈಗೆ ಅದು ಕಾಂತೀಯ ತತ್ವದಿಂದ, ಅಲ್ಯೂಮಿನಿಯಂ ಮೈಗೆ ವಿದ್ಯುತ್ ಸುಳಿಗಳ ತತ್ವದಿಂದ ಕೆಲಸ ಮಾಡುತ್ತದೆ. 1953ರಲ್ಲಿ ಬಂದ ಷೆವ್ರೊಲೆ ಕಾರ್ವೆಟ್‌ನಂಥ ಫೈಬರ್‌ಗ್ಲಾಸ್ ಮೈಯ ಕಾರಿಗೆ ಇವೆರಡೂ ನಡೆಯುವುದಿಲ್ಲ, ಶ್ರವಣಾತೀತ ಶಬ್ದದಿಂದ ಅಳೆಯುವ ಬೇರೆ ಉಪಕರಣ ಬೇಕು. ಮೀಟರ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರೆ ಅದರ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಒಂದು ಬಾಗಿಲು 120 ತೋರಿಸಿ ಪಕ್ಕದ್ದು 300 ತೋರಿಸಿದರೆ ಅಲ್ಲಿ ಎರಡನೆಯ ಸಲ ಪೇಂಟ್ ಆಗಿದೆ. ಸಾವಿರ ದಾಟಿದರೆ ಅಡಿಯಲ್ಲಿ ತಗ್ಗು ತುಂಬುವ ಪುಟ್ಟಿ ಇದೆ, ಎಂದೋ ಪೆಟ್ಟು ತಿಂದಿದೆ. ಮೀಟರ್ ಇಲ್ಲದವರು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಉಕ್ಕಿನ ಮೈಗೆ ಹಿಡಿದು ನೋಡಬಹುದು. ಪುಟ್ಟಿ ದಪ್ಪವಿದ್ದಲ್ಲಿ ಅದು ಅಂಟುವುದಿಲ್ಲ.

## ಉಜ್ಜಿದರೂ ಹೋಗದ ಗಾಯಗಳು

ಚೊಂಬಿನ ಪರೀಕ್ಷೆ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಒದ್ದೆಯಾದಾಗ ಬಣ್ಣ ಒಂದೇ ಸಮನಾಗಿ ಎದ್ದುಬಂದರೆ ಪಾಲಿಶ್‌ಗೆ ಆಸ್ಪದವಿದೆ. ಒದ್ದೆಯಾದರೂ ಬಿಳಿ ತೇಪೆಗಳು ಹಾಗೆಯೇ ಉಳಿದರೆ ಗಾಯ ಆಳದ್ದು.

ಕ್ಲಿಯರ್ ಕೋಟ್ ಸಿಪ್ಪೆಯೇಳುವುದು ಇಂಥ ಗಾಯಗಳಲ್ಲಿ ಸಾಮಾನ್ಯ. ಬಿಸಿಲಿಗೆ ಸುಟ್ಟ ಚರ್ಮ ಸುಲಿದಂತೆ ಪಾರದರ್ಶಕ ಪದರ ಕೆಳಗಿನ ಬಣ್ಣವನ್ನು ಬಿಟ್ಟು ಎದ್ದಿರುತ್ತದೆ. ಆರಂಭದ ಕಾಲದ ಕ್ಲಿಯರ್ ಕೋಟ್‌ಗಳು ಇದಕ್ಕೆ ಕುಖ್ಯಾತ. ಇಲ್ಲಿ ಪಾಲಿಶ್ ಮಾಡಲು ಏನೂ ಉಳಿದಿಲ್ಲ, ಉಜ್ಜಿದಷ್ಟೂ ಸಿಪ್ಪೆಯ ಅಂಚು ಹಿಗ್ಗುತ್ತದೆ. ಆ ಭಾಗಕ್ಕೆ ಹೊಸದಾಗಿ ಬಣ್ಣ ಮತ್ತು ಕ್ಲಿಯರ್ ಹೊಡೆಯಬೇಕು. ಎರಡು ಡಬ್ಬಿ ಬೆರೆಸಿ ಹೊಡೆಯುವ ಇಂದಿನ ಕ್ಲಿಯರ್‌ಗಳ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಶಾಶ್ವತ ಆಸ್ತಮಾ ಬರಬಹುದು. ಮನೆಯ ಶೆಡ್ಡಿನಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮಾಡುವ ಕೆಲಸ ಇದಲ್ಲ.

ಹಳೆಯ ಲ್ಯಾಕರ್‌ನಲ್ಲಿ ಕಾಣುವ ಬಿರುಕು ಇನ್ನೊಂದು. ಬೇಸಿಗೆಯಲ್ಲಿ ಕೆರೆಯ ತಳ ಒಡೆಯುವಂತೆ, ಲೋಹ ಹಿಗ್ಗಿ ಕುಗ್ಗಿದಂತೆಲ್ಲ ಅದರೊಂದಿಗೆ ಬಾಗಲಾರದ ಲ್ಯಾಕರ್ ಸೀಳುತ್ತದೆ. ಬಿರುಕು ಅಡಿಯವರೆಗೂ ಇಳಿದಿರುತ್ತದೆ. ಮೇಲಿಂದ ಹೊಳಪು ಬರಿಸಬಹುದು, ಬಿರುಕು ಮುಚ್ಚುವುದಿಲ್ಲ. ಅದರ ಮೇಲೆಯೇ ಹೊಸ ಪೇಂಟ್ ಹೊಡೆದರೆ ಸ್ವಲ್ಪ ಕಾಲದಲ್ಲಿ ಅದೇ ಗೆರೆಗಳು ಮೇಲೆದ್ದು ಬರುತ್ತವೆ.

ಉಗುರು ಸಿಕ್ಕುವಷ್ಟು ಆಳದ ಗೀರು, ಪ್ರೈಮರ್ ಕಾಣುವಷ್ಟು ಸವೆದ ಅಂಚು, ಬಣ್ಣದ ಅಡಿಯಿಂದ ಗುಳ್ಳೆಯೆದ್ದ ತುಕ್ಕು ಇವೂ ಪಾಲಿಶ್ ಡಬ್ಬಿಯ ಕೈಗೆ ಮೀರಿದವು.

## ಮೊದಲು ಸ್ನಾನ

ಹೊಳಪು ತರುವ ಉತ್ಸಾಹದಲ್ಲಿ ಎಲ್ಲರೂ ಅವಸರ ಮಾಡುವುದು ಇಲ್ಲಿಯೇ. ಮೇಲ್ಮೈಯಲ್ಲಿ ಒಂದು ಮರಳಿನ ಕಣ ಉಳಿದರೂ ಮುಂದೆ ಪಾಲಿಶ್ ಬಟ್ಟೆ ಅದನ್ನು ಉಳಿಯಂತೆ ಬಳಸಿ ಗೀರು ಹಾಕುತ್ತದೆ.

ನೆರಳಿನಲ್ಲಿ, ಮೈ ತಣ್ಣಗಿರುವಾಗ, ಮೊದಲು ಧಾರೆ ನೀರಿನಿಂದ ಸಡಿಲ ಧೂಳನ್ನು ಹರಿಸಿಬಿಡಬೇಕು. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರಿನ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಪ್ರತಿ ಸಲ ಕೊಳೆಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ ಆಮೇಲೆ ಶಾಂಪೂವಿಗೆ ಅದ್ದಿದರೆ ಮಣ್ಣು ಮತ್ತೆ ಕಾರಿಗೆ ಹೋಗುವುದಿಲ್ಲ. ಮೇಲಿನಿಂದ ಕೆಳಕ್ಕೆ ತೊಳೆಯಬೇಕು, ಏಕೆಂದರೆ ಹೆಚ್ಚು ಮಣ್ಣಿರುವುದು ಕೆಳಗೆ.

ತೊಳೆದ ಮೇಲೂ ಬೆರಳ ತುದಿಗೆ ತರಿತರಿ ತಾಕಿದರೆ ಅದು ಬಣ್ಣದೊಳಕ್ಕೆ ಕಚ್ಚಿಕೊಂಡ ಕಸ: ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಮರದ ಅಂಟು, ಟಾರು. ಇದಕ್ಕೆ ಕ್ಲೇ ಬಾರ್ ಎಂಬ ಮಿದು ಮುದ್ದೆ ಸಿಗುತ್ತದೆ. ಸಾಬೂನು ನೀರಿನಂಥ ಜಾರುವ ದ್ರವ ಚಿಮುಕಿಸಿ ಅದನ್ನು ಹಗುರವಾಗಿ ಜಾರಿಸಿದರೆ ಚಾಚಿಕೊಂಡಿರುವ ಕಣಗಳನ್ನೆಲ್ಲ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಕೈಜಾರಿ ನೆಲಕ್ಕೆ ಬಿದ್ದ ಮುದ್ದೆಯನ್ನು ಎಷ್ಟೇ ಜಿಪುಣತನವಿದ್ದರೂ ಎಸೆಯಬೇಕು, ಅದು ಈಗ ಮರಳುಕಾಗದ. ಪುಡಿ ಬಿಡುವ ಹಂತದ ಒಂದೇ ಪದರದ ಬಣ್ಣಕ್ಕೆ ಕ್ಲೇ ಉಜ್ಜಿದರೆ ಮುದ್ದೆ ತುಂಬ ಬಣ್ಣವೇ ತುಂಬಿಕೊಳ್ಳುತ್ತದೆ. ಗಾಬರಿಯಾಗಬೇಕಿಲ್ಲ, ಹೇಗೂ ಹೋಗಬೇಕಿದ್ದ ಸತ್ತ ಪುಡಿ ಅದು.

## ಕಾಂಪೌಂಡ್ ಬೇರೆ, ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ

ಮೂರೂ ಡಬ್ಬಿಯಲ್ಲಿ ಬರುತ್ತವೆ, ಮೂರನ್ನೂ ಹಚ್ಚಿ ಉಜ್ಜುತ್ತೇವೆ, ಮೂರಕ್ಕೂ ಜನ ಪಾಲಿಶ್ ಎಂದೇ ಅನ್ನುತ್ತಾರೆ. ಆದರೆ ಮೊದಲ ಎರಡು ತೆಗೆಯುವ ವಸ್ತುಗಳು, ಮೂರನೆಯದು ಸೇರಿಸುವ ವಸ್ತು.

ರಬ್ಬಿಂಗ್ ಕಾಂಪೌಂಡ್‌ನಲ್ಲಿ ಉಜ್ಜುವ ಕಣಗಳು ಒರಟು. ಸತ್ತ ಪದರವನ್ನೂ ಗೀರುಗಳನ್ನೂ ಅದು ಕತ್ತರಿಸುತ್ತದೆ, ಹಿಂದೆ ತನ್ನದೇ ಸಣ್ಣ ಗೀರುಗಳನ್ನು ಬಿಡುತ್ತದೆ. ಪಾಲಿಶ್‌ನ ಕಣಗಳು ಇನ್ನೂ ನುಣುಪು. ಕಾಂಪೌಂಡ್ ಬಿಟ್ಟ ಗೀರುಗಳನ್ನು ಅದು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡುತ್ತದೆ. ಮರಗೆಲಸದವರು ಹತ್ತರಿಯ ನಂತರ ಒರಟು ಕಾಗದ, ಆಮೇಲೆ ನುಣ್ಣನೆಯ ಕಾಗದ ಹಿಡಿಯುವ ಕ್ರಮವೇ ಇದು. ಗೀರು ಎಂದಿಗೂ ಮಾಯವಾಗುವುದಿಲ್ಲ, ಸಣ್ಣದಾಗುತ್ತದೆ. ಬೆಳಕಿಗೆ ತೊಡಕಾಗದಷ್ಟು ಸಣ್ಣದಾದಾಗ ನಾವು ಅದನ್ನು ಕನ್ನಡಿ ಎನ್ನುತ್ತೇವೆ.

ವ್ಯಾಕ್ಸ್ ಏನನ್ನೂ ಕತ್ತರಿಸುವುದಿಲ್ಲ, ಮೇಲೆ ತೆಳುವಾಗಿ ಕೂರುತ್ತದೆ. ಮಾಸಿದ ಮೈಗೆ ನೇರವಾಗಿ ವ್ಯಾಕ್ಸ್ ಹಚ್ಚುವುದೆಂದರೆ ಕೊಳೆಯ ಮೇಲೆ ಗಾಜು ಹಾಕಿದಂತೆ. ನಾಲ್ಕು ದಿನ ಮಿನುಗಿ ಮತ್ತೆ ಮೊದಲಿನ ಹಾಗೆಯೇ ಆಗುವ ಕಾರುಗಳ ಕಥೆ ಇದೇ.

ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳಪು ಬರುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದರಲ್ಲೂ ಉಜ್ಜುವ ಕಣಗಳಿವೆ. ಆದರೆ ಅವುಗಳ ಗಾತ್ರ, ಗಡಸುತನ ಹಲ್ಲಿಗೆ ಲೆಕ್ಕ ಹಾಕಿದ್ದು, ಪೇಂಟಿಗಲ್ಲ. ಸೀಮೆಎಣ್ಣೆ, ಡೀಸೆಲ್ ಒರೆಸುವುದು ಕೊಡುವುದು ಚೊಂಬಿನ ನೀರಿನ ಹೊಳಪನ್ನೇ, ಸ್ವಲ್ಪ ಹೆಚ್ಚು ಹೊತ್ತು. ಜೊತೆಗೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

## ಕೈ, ಯಂತ್ರ ಮತ್ತು ಜೇಡರ ಬಲೆ

ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂಥ ವೃತ್ತಾಕಾರದ ಗೀರುಗಳನ್ನು ನೋಡಿರುತ್ತೀರಿ. ತಮಾಷೆಯೆಂದರೆ ಗೀರುಗಳು ವೃತ್ತಾಕಾರದಲ್ಲಿ ಇರಲೇಬೇಕಾಗಿಲ್ಲ. ತಪ್ಪಾಗಿ ಒರೆಸಿದ ಮೈಮೇಲೆ ಅವು ಎಲ್ಲ ದಿಕ್ಕಿನಲ್ಲೂ ಇರುತ್ತವೆ. ಅವುಗಳಲ್ಲಿ ಬೆಳಕಿನ ದಾರಿಗೆ ಅಡ್ಡಲಾಗಿರುವವು ಮಾತ್ರ ಕಣ್ಣಿಗೆ ಮಿಂಚುತ್ತವೆ. ಹಾಗಾಗಿ ನೀವು ಎಲ್ಲಿ ನಿಂತು ನೋಡಿದರೂ ಬಲೆಯ ನಡುವೆ ದೀಪವೇ ಇರುತ್ತದೆ.

ಇಂಥ ಗೀರು ತೆಗೆಯಲು ಹೋಗಿ ಹೊಸ ಗೀರು ಹಾಕದಿರುವುದು ಉಪಕರಣದ ಆಯ್ಕೆಗೆ ಬಿಟ್ಟದ್ದು. ರೋಟರಿ ಯಂತ್ರ ಒಂದೇ ಅಕ್ಷದ ಮೇಲೆ ಗರಗರ ತಿರುಗುತ್ತದೆ. ಬೇಗ ಕತ್ತರಿಸುತ್ತದೆ, ಬೇಗ ಬಿಸಿಯಾಗುತ್ತದೆ, ಅಳ್ಳಕ ಕೈಗೆ ಸಿಕ್ಕರೆ ಕ್ಷಣದಲ್ಲಿ ಬಣ್ಣವನ್ನು ಸುಟ್ಟುಬಿಡುತ್ತದೆ. ಡ್ಯುಯಲ್ ಆಕ್ಷನ್ ಯಂತ್ರ ತಿರುಗುತ್ತಲೇ ಅತ್ತಿತ್ತ ಓಲಾಡುತ್ತದೆ. ಒಂದೇ ಬಿಂದುವಿನಲ್ಲಿ ಕಾವು ಕಟ್ಟುವುದಿಲ್ಲ. ಹೊಸಬರಿಗೆ ಇದೇ ಸರಿ. ಕೈಯಿಂದ ಉಜ್ಜುವುದನ್ನು ಹಗುರವಾಗಿ ಕಾಣಬೇಡಿ. ಮೃದುವಾದ ಹಳೆಯ ಒಂದೇ ಪದರದ ಬಣ್ಣಕ್ಕೆ ಕೈಯೇ ಎಷ್ಟೋ ಸಲ ಸಾಕಾಗುತ್ತದೆ, ಸಮಯ ಮಾತ್ರ ಹಿಡಿಯುತ್ತದೆ.

ಹಿಡಿಯಬೇಕಾದ ಕ್ರಮ ಇದು. ಎರಡಡಿ ಚದರದ ಒಂದು ತುಣುಕನ್ನು ಆರಿಸಿಕೊಂಡು ಮೊದಲು ಅತಿ ಸೌಮ್ಯವಾದ ಪಾಲಿಶ್ ಮತ್ತು ಮೆತ್ತನೆಯ ಸ್ಪಂಜಿನ ಪ್ಯಾಡ್‌ನಿಂದ ಪ್ರಯತ್ನಿಸಬೇಕು. ಸಾಲದಿದ್ದರೆ ಮಾತ್ರ ಒಂದೊಂದೇ ಮೆಟ್ಟಿಲು ಮೇಲಕ್ಕೆ: ಗಟ್ಟಿ ಸ್ಪಂಜು, ಆಮೇಲೆ ಕಾಂಪೌಂಡ್, ಆಮೇಲೆ ಉಣ್ಣೆಯ ಪ್ಯಾಡ್. ಆ ತುಣುಕಿನಲ್ಲಿ ಯಾವುದು ಕೆಲಸ ಮಾಡಿತೋ ಅದನ್ನು ಉಳಿದ ಮೈಗೂ ಅನ್ವಯಿಸಬೇಕು. ಮೂಲೆ, ಅಂಚು, ಮೈಯ ಏಣುಗಳ ಮೇಲೆ ಪೇಂಟ್ ಯಾವಾಗಲೂ ತೆಳು, ಒತ್ತಡವೋ ಅಲ್ಲಿಯೇ ಹೆಚ್ಚು. ಅವುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೊನೆಗೆ ಕೈಯಿಂದ ಮುಗಿಸಬೇಕು. ಆಗಾಗ ಅಂಗೈಯಿಟ್ಟು ನೋಡಿ, ಮೈ ಬಿಸಿಯೆನಿಸಿದರೆ ನಿಲ್ಲಿಸಿ. ಒಂದೇ ಪದರದ ಬಣ್ಣದಲ್ಲಿ ಪ್ಯಾಡ್ ಬೇಗ ಬಣ್ಣದಿಂದ ಮೆತ್ತಿಕೊಳ್ಳುವುದರಿಂದ ಮತ್ತೆ ಮತ್ತೆ ತೊಳೆಯಬೇಕಾಗುತ್ತದೆ.

ಒಂದು ಎಚ್ಚರಿಕೆ. ಹಿಂದಿನ ಕಾಲದ ಹಳದಿ, ಕಿತ್ತಳೆ, ಕೆಂಪು ಪೇಂಟುಗಳಲ್ಲಿ ಸೀಸದ ವರ್ಣದ್ರವ್ಯಗಳು ಇದ್ದದ್ದುಂಟು. ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬಾರದು. ಒದ್ದೆಯಾಗಿ ಉಜ್ಜಿ, ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಡಿ, ಬಟ್ಟೆಗಳನ್ನು ಮನೆಯ ಬಟ್ಟೆಗಳ ಜೊತೆ ಒಗೆಯಬೇಡಿ.

## ಒಣಗಿದ ಬಣ್ಣಕ್ಕೆ ಎಣ್ಣೆ

ಒಂದೇ ಪದರದ ಬಹಳ ಹಳೆಯ ಬಣ್ಣಕ್ಕೆ ನೇರವಾಗಿ ಯಂತ್ರ ಹಿಡಿಯುವ ಮೊದಲು ಒಂದು ಉಪಚಾರ ಮಾಡುವವರಿದ್ದಾರೆ. ಗ್ಲೇಜ್ ಎಂಬ, ಎಣ್ಣೆಯಂಶ ಹೇರಳವಾಗಿರುವ ದ್ರವವನ್ನು ದಪ್ಪವಾಗಿ ಹಚ್ಚಿ, ಕುಣಿಕೆದಾರಗಳಿರುವ ಟರ್ಕಿ ಟವೆಲ್‌ನಿಂದ ಮೆಲ್ಲಗೆ ತಿಕ್ಕಿ, ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ಒರೆಸಿ, ಬೇಕಾದರೆ ಮತ್ತೊಮ್ಮೆ ಹಚ್ಚುತ್ತಾರೆ. ಬಣ್ಣಕ್ಕೆ ಆಹಾರ ಉಣಿಸುವುದು ಎಂದು ಇದನ್ನು ಕರೆಯುತ್ತಾರೆ.

ಪೇಂಟ್ ಉಣ್ಣುವುದಿಲ್ಲ. ನಡೆಯುವುದು ಚೊಂಬಿನ ನೀರಿನದೇ ಚಮತ್ಕಾರ: ಎಣ್ಣೆ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಂಡು ಬೆಳಕು ಚೆದುರುವುದನ್ನು ತಡೆಯುತ್ತದೆ. ನೀರಿನಂತೆ ಬೇಗ ಆವಿಯಾಗುವುದಿಲ್ಲ ಎಂಬುದೇ ವ್ಯತ್ಯಾಸ. ಜೊತೆಗೆ ಎರಡು ಲಾಭಗಳು. ಟವೆಲ್‌ನ ಕುಣಿಕೆಗಳು ಸಡಿಲ ಪುಡಿಯನ್ನು ಎಳೆದು ತೆಗೆಯುತ್ತವೆ. ಒಣಗಿದ ಮೈ ಜಾರುವಂತಾಗಿ ಮುಂದಿನ ಸೌಮ್ಯ ಪಾಲಿಶ್ ಹೆಚ್ಚು ಎಳೆದಾಟವಿಲ್ಲದೆ ಕೆಲಸ ಮಾಡುತ್ತದೆ. ಕಡಿಮೆ ಅಸಲು ಖರ್ಚಾಗುತ್ತದೆ ಎಂಬ ಒಂದೇ ಕಾರಣಕ್ಕೆ ನಾನು ಈ ವಿಧಾನದ ಪರ. ಗ್ಲೇಜ್ ತಾನಾಗಿ ಬಾಳುವುದಿಲ್ಲ, ಕೆಲವು ಸಲ ತೊಳೆದರೆ ಹೋಗುತ್ತದೆ. ಮೇಲೆ ವ್ಯಾಕ್ಸಿನ ಮುಚ್ಚಳ ಬೇಕೇ ಬೇಕು.

ಒಂದೇ ಪದರದ ಮೆಟಾಲಿಕ್ ಬಣ್ಣ ಮಾತ್ರ ಎಲ್ಲಕ್ಕಿಂತ ಕಠಿಣ. ಅದರ ಮಿನುಗಿಗೆ ಕಾರಣ ಬಣ್ಣದೊಳಗೆ ತೇಲುತ್ತಿರುವ ಅಲ್ಯೂಮಿನಿಯಂ ಹಪ್ಪಳಿಕೆಗಳು. ಮೇಲೆ ಗಾಜಿನ ರಕ್ಷಣೆ ಇಲ್ಲದೆ ಉಜ್ಜಿದಾಗ ಅವುಗಳ ಮೈ ತೆರೆದುಕೊಂಡು, ಗಾಳಿಗೆ ಮಂಕಾಗಿ, ಕಪ್ಪು ತೇಪೆಗಳಾಗಬಹುದು. ಇಂಥ ಕಾರಿನಲ್ಲಿ ಗ್ಲೇಜ್ ಹಚ್ಚಿ ತೃಪ್ತಿಪಡುವುದೇ ಜಾಣತನವಾಗಬಹುದು.

## ಕ್ರೋಮ್ ಬಗ್ಗೆ ಎರಡು ಮಾತು

ಬಂಪರ್ ಮಂಕಾಗಿದ್ದರೆ ಪೇಂಟಿನ ಹೊಳಪೂ ಅರ್ಧ ಎನಿಸುತ್ತದೆ. ಒಳ್ಳೆಯ ಕ್ರೋಮ್ ಎಂದರೆ ಉಕ್ಕಿನ ಮೇಲೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕೂ ಮೇಲೆ ಒಂದು ಮೈಕ್ರಾನಿಗೂ ಕಡಿಮೆ ದಪ್ಪದ ಕ್ರೋಮಿಯಂ. ಕಾಣುವ ಹೊಳಪಿನ ಬಹುಪಾಲು ಅಡಿಯ ನಿಕ್ಕಲ್‌ನದು. ಮೇಲಿನ ಚುಕ್ಕೆ ತುಕ್ಕನ್ನು ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ತಿಕ್ಕಿ ತೆಗೆಯಬಹುದು, ಅಲ್ಯೂಮಿನಿಯಂ ಕ್ರೋಮಿಯಂಗಿಂತ ಮಿದುವಾದ್ದರಿಂದ ಗೀರುವುದಿಲ್ಲ. ಗುಳಿ ಬಿದ್ದಿದ್ದರೆ ಅಥವಾ ಪದರ ಎದ್ದಿದ್ದರೆ ಹೊಸದಾಗಿ ಲೇಪಿಸುವುದೊಂದೇ ದಾರಿ.

## ಮಾಸಿದ್ದನ್ನು ಹಾಗೆಯೇ ಬಿಡುವವರು

2024ರಲ್ಲಿ ಅಮೆರಿಕದ ಪೆಬಲ್ ಬೀಚ್‌ನ ಹಳೆಯ ಕಾರುಗಳ ಪ್ರದರ್ಶನದಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದದ್ದು 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್. ಒಂದು ಕಾಲಕ್ಕೆ ಬೆಲ್ಜಿಯಂನ ದೊರೆ ಮೂರನೆಯ ಲಿಯೊಪೋಲ್ಡ್ ಅವರ ಬಳಿಯಿದ್ದ ಕಾರು. ಅದರ ಕಪ್ಪು ಬಣ್ಣ ಸವೆದಿತ್ತು, ಅಲ್ಲಲ್ಲಿ ಎದ್ದಿತ್ತು, ಯಾರೂ ಅದನ್ನು ಹೊಸದು ಮಾಡಲು ಹೋಗಿರಲಿಲ್ಲ. ಕನ್ನಡಿಯಂತೆ ಹೊಳೆಯುವ ಕಾರುಗಳಿಗೇ ಮೀಸಲಾಗಿದ್ದ ಆ ಪ್ರಶಸ್ತಿ ಪುನರುಜ್ಜೀವನಗೊಳಿಸದ, ಇದ್ದಂತೆ ಕಾಪಾಡಿದ ಕಾರಿಗೆ ಸಂದದ್ದು ಅದೇ ಮೊದಲು.

ಕಾರು ಬಲ್ಲವರ ಲೆಕ್ಕಾಚಾರ ಹೀಗಿದೆ: ಎಷ್ಟು ಸಲ ಬೇಕಾದರೂ ಹೊಸ ಪೇಂಟ್ ಹೊಡೆಯಬಹುದು, ಕಾರ್ಖಾನೆಯ ಮೊದಲ ಪೇಂಟ್ ಒಂದೇ ಸಲ. ನಿಮ್ಮ ಕಾರಿನ ಬಣ್ಣ ಮೂಲದ್ದೇ ಎಂದು ಮೀಟರ್ ಹೇಳುತ್ತಿದ್ದರೆ, ಬಿಳಿ ಪುಡಿ ತೆಗೆದು, ಎಣ್ಣೆ ಹಚ್ಚಿ, ವ್ಯಾಕ್ಸಿನಿಂದ ಮುಚ್ಚಿ ಅಲ್ಲಿಗೇ ನಿಲ್ಲಿಸುವುದೂ ಒಂದು ಪೂರ್ಣ ಕೆಲಸವೇ.

## ಹೊಳಪು ಬಂದ ಮೇಲೆ

ಉಜ್ಜಿ ತೆರೆದ ಹೊಸ ಮೇಲ್ಮೈಗೆ ಮರುದಿನದಿಂದಲೇ ಬಿಸಿಲು ಬೀಳುತ್ತದೆ, ಆದ್ದರಿಂದ ಕಾಪು ಬೇಕು. ಕಾರ್ನೌಬಾ ವ್ಯಾಕ್ಸ್ ಈಶಾನ್ಯ ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಗಳಿಂದ ಬರುತ್ತದೆ. ಒಣಹವೆಯಲ್ಲಿ ನೀರು ಆರಿಹೋಗದಂತೆ ಮರ ತನ್ನ ಎಲೆಗೆ ತಾನೇ ಬಳಿದುಕೊಂಡ ಮೇಣವದು, ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕು. ಬಣ್ಣಕ್ಕೆ ಬೆಚ್ಚನೆಯ ಆಳ ಕೊಡುತ್ತದೆ, ಕೆಲವು ವಾರಗಳಿಂದ ಒಂದೆರಡು ತಿಂಗಳು ಬಾಳುತ್ತದೆ. ಕೃತಕ ಪಾಲಿಮರ್‌ಗಳ ಸೀಲಂಟ್ ಇನ್ನೂ ಕೆಲವು ತಿಂಗಳು ಹೆಚ್ಚು.

ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರದ ಲೇಪ, ಪೇಂಟಿಗೆ ಬಿಗಿಯಾಗಿ ಅಂಟಿ ಒಂದು ವರ್ಷ ದಾಟಬಲ್ಲದು. ಜಾಹೀರಾತುಗಳಲ್ಲಿ ಕಾಣುವ ‘9ಎಚ್’ ಎಂಬ ಗಡಸುತನದ ಗುರುತು ಪೆನ್ಸಿಲ್‌ಗಳ ಅಳತೆಗೆ ಸೇರಿದ್ದು. 9ಎಚ್ ಪೆನ್ಸಿಲ್ ಗೀಚಿದರೂ ಗೀರಾಗುವುದಿಲ್ಲ ಎಂಬುದಷ್ಟೇ ಅದರ ಅರ್ಥ. ವಜ್ರಕ್ಕೆ 10 ಅಂಕ ಕೊಡುವ ಖನಿಜಗಳ ಅಳತೆಗೂ ಇದಕ್ಕೂ ಸಂಬಂಧವಿಲ್ಲ. ಮೈಕ್ರಾನ್ ಲೆಕ್ಕದ ಈ ಲೇಪ ಹಾರಿಬಂದ ಕಲ್ಲನ್ನು ತಡೆಯುವುದಿಲ್ಲ, ಅಡಿಯಲ್ಲಿ ಉಳಿದ ಗೀರನ್ನೂ ಮುಚ್ಚುವುದಿಲ್ಲ. ಮುಂದೆ ಆ ಭಾಗಕ್ಕೆ ಪೇಂಟ್ ಹೊಡೆಯುವ ಆಲೋಚನೆಯಿದ್ದರೆ ಸಿಲಿಕೋನ್ ಇರುವ ಯಾವ ವಸ್ತುವನ್ನೂ ಹಚ್ಚದಿರುವುದು ಒಳ್ಳೆಯದು. ಸ್ವಲ್ಪವೇ ಅಂಶ ಉಳಿದರೂ ಹೊಸ ಪೇಂಟ್ ಅಲ್ಲಿ ನಿಲ್ಲದೆ ಮೀನಿನ ಕಣ್ಣಿನಂತೆ ಗುಂಡಗೆ ಸರಿದುಕೊಳ್ಳುತ್ತದೆ.

ಉಳಿದದ್ದು ದಿನನಿತ್ಯದ ಅಭ್ಯಾಸ. ಒಣಧೂಳನ್ನು ಒಣಬಟ್ಟೆಯಿಂದ ಒರೆಸಬೇಡಿ, ಧೂಳು ಕೂತ ಕಾರಿಗೆ ಹೊದಿಕೆ ಹಾಕಬೇಡಿ, ಏಕೆಂದರೆ ಗಾಳಿಗೆ ಅಲುಗಾಡುವ ಹೊದಿಕೆಯೂ ಮರಳುಕಾಗದವೇ. ಹಕ್ಕಿಯ ಹಿಕ್ಕೆ ಬಿದ್ದರೆ ನೀರಿನಲ್ಲಿ ನೆನೆಸಿ ಅಂದೇ ತೆಗೆಯಿರಿ. ತಿಂಗಳಿಗೊಮ್ಮೆ ಒಂದು ಚೊಂಬು ನೀರು ಸುರಿದು ನೋಡಿ. ಹನಿಗಳು ಮುತ್ತಾಗಿ ಉರುಳಿದರೆ ವ್ಯಾಕ್ಸ್ ಇನ್ನೂ ಇದೆ. ನೀರು ಚಪ್ಪಟೆಯಾಗಿ ಹರಡಿ ನಿಂತರೆ ಡಬ್ಬಿ ತೆರೆಯುವ ಹೊತ್ತಾಗಿದೆ.